ಅತ್ತಿಗೆಯ ಫ್ರಿಜ್ಜಿನ ಬೂಷ್ಟು

ಪುಣೆ
೧೨ ಜುಲೈ ೧೯೯೮

ಅತ್ತಿಗೆ,

ಬಂದು ಮುಟ್ಟಿದೆ. ಹಾಸ್ಟೆಲಿನಲ್ಲಿ ರೂಮು ಸಿಕ್ಕಿದೆ. ಊಟಕ್ಕೆ ಚಪಾತಿ, ಅದು ಬೇಜಾರಾದರೆ ಮತ್ತೆ ಚಪಾತಿ. ನೀವು ಕಟ್ಟಿಕೊಟ್ಟ ಚಟ್ನಿಪುಡಿಯನ್ನು ಪಕ್ಕದ ರೂಮಿನ ಹುಡುಗಿಯರು ಮೊದಲ ದಿನವೇ ಅರ್ಧ ಖಾಲಿ ಮಾಡಿದರು. ಇರಲಿ, ಊಟದ ಮಾತು ಆಮೇಲೆ. ಮೊದಲು ಟ್ಯೂಬುಗಳ ವಿಷಯ.

ನಿಮ್ಮ ಫ್ರಿಜ್ಜಿನ ತರಕಾರಿ ಡಬ್ಬದಲ್ಲಿ ಇಟ್ಟು ಬಂದಿದ್ದೇನಲ್ಲ, ಅದು ನಿಮಗೆ ಬೂಷ್ಟು, ನನಗೆ ಇಷ್ಟು ವರ್ಷದ ದುಡಿಮೆ. ಮಲವಗೊಪ್ಪದ ಹತ್ತಿರ ರಸ್ತೆ ಬದಿಗೆ ಸುರಿದ ಅಡಿಕೆ ಸಿಪ್ಪೆಯ ಗುಡ್ಡೆಗಳನ್ನು ಎರಡು ಮಳೆಗಾಲ ಕೆದಕಿದ ಮೇಲೆ ಸಿಕ್ಕಿದ್ದು. ಸಿಪ್ಪೆ ಕೊಳೆಸುವ ಬೂಷ್ಟು ಬೇಕಾದಷ್ಟಿವೆ. ಕೊಳೆಸಿ, ಅದರಲ್ಲಿ ಹುಟ್ಟಿದ ಸಕ್ಕರೆಯನ್ನು ತಾನೇ ಆಲ್ಕೋಹಾಲು ಮಾಡುವುದು, ಅದೂ ಪೆಟ್ರೋಲಿಗೆ ಬೆರೆಸುವಷ್ಟು ಲಾಭಕ್ಕೆ ಮಾಡುವುದು, ನನಗೆ ಸಿಕ್ಕಿದ್ದು ಇದೊಂದೇ. ಆ ಗುಡ್ಡೆಗೆ ಆಮೇಲೆ ಯಾರೋ ಬೆಂಕಿ ಹಾಕಿದರು. ಮತ್ತೆ ಎಷ್ಟು ಹುಡುಕಿದರೂ ಸಿಗಲಿಲ್ಲ. ನನ್ನ ಪಿಎಚ್‌ಡಿ, ಮುಂದೆ ಕೆಲಸ ಅಂತ ಏನಾದರೂ ಸಿಕ್ಕರೆ ಆ ಕೆಲಸ, ಎಲ್ಲ ಅದರ ಮೇಲೇ ನಿಂತಿದೆ. ನನ್ನ ಹತ್ತಿರ ಒಂದು ಜೊತೆ, ನಿಮ್ಮ ಹತ್ತಿರ ಒಂದು ಜೊತೆ. ಒಂದು ಕಡೆ ಸತ್ತರೂ ಇನ್ನೊಂದು ಕಡೆ ಬದುಕಿರಲಿ.

ತಿಂಗಳಿಗೊಮ್ಮೆ ಹೊಸ ಟ್ಯೂಬಿಗೆ ದಾಟಿಸಬೇಕು. ಆಲೂಗಡ್ಡೆ ಬೇಯಿಸಿದ ನೀರು, ಸಕ್ಕರೆ, ಗಟ್ಟಿಯಾಗಲು ಚೈನಾ ಗ್ರಾಸ್. ಟ್ಯೂಬಿಗೆ ತುಂಬಿ, ಬಾಯಿಗೆ ಹತ್ತಿ ತುರುಕಿ, ಕುಕ್ಕರಿನಲ್ಲಿ ಚೆನ್ನಾಗಿ ಕೂಗಿಸಿ, ಓರೆಯಾಗಿಟ್ಟು ಆರಿಸಿ. ಸ್ಪಿರಿಟ್ ದೀಪದಲ್ಲಿ ತಂತಿ ಕೆಂಪಗೆ ಕಾಯಿಸಿ, ತಣ್ಣಗಾದ ಮೇಲೆ ಹಳೆಯದರಿಂದ ಒಂದು ಚೂರು ತೆಗೆದು ಹೊಸದರ ಮೇಲೆ ಇಡಿ. ಫ್ಯಾನು ಹಾಕಬೇಡಿ, ಮಾತಾಡಬೇಡಿ. ಮಾತಾಡದಿರುವುದು ನಿಮಗೆ ಕಷ್ಟ, ಗೊತ್ತು. ಹಳೆಯ ಟ್ಯೂಬುಗಳನ್ನು ಮತ್ತೆ ಕುಕ್ಕರಿನಲ್ಲಿ ಕುದಿಸಿ ಕೊಂದ ಮೇಲೆಯೇ ಚೆಲ್ಲಬೇಕು.

ಇನ್ನೊಂದು ಮಾತು. ನನ್ನ ಗೈಡ್ ಷಡಕ್ಷರಪ್ಪ ಸರ್‌ಗೆ ಈ ಫ್ರಿಜ್ಜಿನ ವಿಷಯ ಹೇಳಬೇಡಿ. ಅವರೇ ಮುತುವರ್ಜಿ ವಹಿಸಿ ನನ್ನನ್ನು ಇಲ್ಲಿಗೆ ಕಳಿಸಿದ್ದಾರೆ. ಇದಕ್ಕೂ ಅವರಿಗೆ ತೊಂದರೆ ಕೊಡುವುದು ಬೇಡ.

ಅಣ್ಣನಿಗೆ ಬೇರೆ ಕಾಗದ ಹಾಕುತ್ತೇನೆ.

ಉಮಾ

*

ಭದ್ರಾವತಿ, ನ್ಯೂ ಟೌನ್
೩೦ ಆಗಸ್ಟ್ ೧೯೯೮

ಪ್ರೀತಿಯ ಉಮಾ,

ನಿನ್ನ ಬೂಷ್ಟು ಸೊಂಪಾಗಿದೆ ಮಾರಾಯ್ತಿ! ಬೆಳ್ಳಗೆ ಹತ್ತಿಯ ಹಾಗೆ ಬಂದು, ಅಂಚಿಗೆ ನಸುಗೆಂಪು ತಿರುಗಿದೆ. ನೀನು ಹೇಳಿದ ಬಣ್ಣವೇ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಬಾಯಿಗೆ ಸೆರಗು ಕಟ್ಟಿಕೊಂಡು ಕೂತೆ. ನಿನ್ನ ಅಣ್ಣ ಬಾಗಿಲಲ್ಲಿ ನಿಂತು, "ಲಿಂಗಪೂಜೆಗೂ ಇಷ್ಟು ಶ್ರದ್ಧೆ ಇಲ್ವಲ್ಲೇ ನಿಂಗೆ" ಅಂದರು. ಮಾತಾಡಬಾರದಲ್ಲ, ಬರೀ ಕಣ್ಣು ಬಿಟ್ಟೆ. ಆಮೇಲೆ ಸೇರಿಸಿ ಬೈದೆ.

ಪಕ್ಕದ ಕ್ವಾರ್ಟರ್ಸಿನ ದುರ್ಗಮ್ಮ ಫ್ರಿಜ್ಜಿನಲ್ಲಿ ಟ್ಯೂಬು ನೋಡಿ ಏನು ಅಂತ ಕೇಳಿದಳು. ಸತ್ಯ ಹೇಳಿದೆ. "ಅಯ್ಯೋ ಶಿವನೇ, ಲಿಂಗಾಯಿತರ ಮನೇಲಿ ಸಾರಾಯಿ ಹೆಪ್ಪು ಮಡಗಿದೀರಾ?" ಅಂತ ಗಲ್ಲಕ್ಕೆ ಕೈ ಇಟ್ಟಳು. ಇದು ಕುಡಿಯುವುದಕ್ಕಲ್ಲ, ಸ್ಕೂಟರಿಗೆ ಕುಡಿಸುವುದಕ್ಕೆ ಅಂದೆ. ಈಗ ಬೀದಿಯವರೆಲ್ಲ ನಿನ್ನನ್ನು ಬೂಷ್ಟು ಡಾಕ್ಟರ್ ಅನ್ನುತ್ತಾರೆ. ನನ್ನನ್ನು ಕಾಂಪೌಂಡರ್ ಅಂತೆ. ಪಿಯುಸಿ ಫೇಲಾಗಿ ಮನೆಯಲ್ಲಿ ಕೂತವಳಿಗೆ ಇಷ್ಟಾದರೂ ಬಡ್ತಿ ಸಿಕ್ಕಿತಲ್ಲ.

ಮೊನ್ನೆ ಶಿವಮೊಗ್ಗದಲ್ಲಿ ಒಂದು ಮದುವೆಯಲ್ಲಿ ನಿಮ್ಮ ಸರ್ ಅವರ ಹೆಂಡತಿ ವೀರಮ್ಮ ಸಿಕ್ಕಿದ್ದರು. ನೀನು ಸರ್‌ಗೆ ಹೇಳಬೇಡ ಅಂದಿದ್ದೆ, ಅವರ ಹೆಂಡತಿಗೆ ಹೇಳಬೇಡ ಅನ್ನಲಿಲ್ಲವಲ್ಲ! ನಮ್ಮ ಉಮಾ ಎಷ್ಟು ನಂಬಿಕೆಯಿಂದ ನನ್ನ ಕೈಗೆ ಕೊಟ್ಟು ಹೋಗಿದ್ದಾಳೆ ಅಂತ ಹೇಳಿಕೊಂಡೆ. ಹೇಳದೆ ಇರಲಾಗಲಿಲ್ಲ.

ವಿಮಲಾ

*

ಪುಣೆ
೨೦ ಸೆಪ್ಟೆಂಬರ್ ೧೯೯೮

ಅತ್ತಿಗೆ,

ವೀರಮ್ಮನವರಿಗೆ ಹೇಳುವ ಅಗತ್ಯ ಏನಿತ್ತು? ಹೋಗಲಿ. ಇನ್ನು ಮುಂದೆ ಯಾರ ಹತ್ತಿರವೂ ಬಾಯಿ ಬಿಡಬೇಡಿ.

ಇಲ್ಲಿಯ ಗೈಡ್ ಮೇಡಂ ಒಳ್ಳೆಯವರು. ನನ್ನನ್ನು ಪಿಎಚ್‌ಡಿಗೆ ಹೊಸದಾಗಿ ರಿಜಿಸ್ಟರ್ ಮಾಡಿಸಿಕೊಂಡಿದ್ದಾರೆ. ಸಿಪ್ಪೆಯಿಂದ ಆಲ್ಕೋಹಾಲು ಶಿವಮೊಗ್ಗದಲ್ಲಿ ಬಂದದ್ದಕ್ಕಿಂತ ಜಾಸ್ತಿ ಬರುತ್ತಿದೆ. ಇಂಥ ಬೂಷ್ಟುಗಳನ್ನು ಜೀವಂತ ಕಾಪಾಡಿಡುವ ದೊಡ್ಡ ಸಂಗ್ರಹಾಲಯಕ್ಕೆ ಒಂದು ಟ್ಯೂಬು ಕೊಟ್ಟು ಹೆಸರು ನೋಂದಾಯಿಸಬೇಕು ಅನ್ನುತ್ತಾರೆ. ಅದಕ್ಕೆ ಮೊದಲಿನ ಗೈಡ್ ಅವರ ಒಪ್ಪಿಗೆ ಪತ್ರ ಬೇಕಂತೆ. ನೋಡೋಣ, ಅವಸರವೇನಿಲ್ಲ ಅಂದಿದ್ದೇನೆ.

ಉಮಾ

*

ಭದ್ರಾವತಿ
೨೧ ಫೆಬ್ರವರಿ ೧೯೯೯

ಪ್ರೀತಿಯ ಉಮಾ,

ನಿನ್ನ ಕಾಗದ ಬರುವುದೇ ಕಡಿಮೆಯಾಗಿದೆ. ಬಂದರೂ ತಂತಿ ಸುದ್ದಿಯ ಹಾಗಿರುತ್ತದೆ. ಯಾರಿಗೂ ಹೇಳಬೇಡಿ ಅಂದೆಯಲ್ಲ, ದೃಷ್ಟಿಯಾಗುತ್ತದೆ ಅಂತ ತಾನೇ? ಇಷ್ಟು ಓದಿದವಳಿಗೂ ಆ ಹೆದರಿಕೆ ಇದೆಯಲ್ಲ ಅಂತ ನಗು ಬಂತು. ಫ್ರಿಜ್ಜಿಗೆ ಸುಣ್ಣ, ಅರಿಶಿನ ಕಲಸಿದ ಕೆಂಪು ನೀರು ನಿವಾಳಿಸಿ ಹಾಕಿದ್ದೇನೆ, ಚಿಂತೆ ಬಿಡು.

ಹೋದ ವಾರ ಸರ್ ಮತ್ತು ವೀರಮ್ಮ ಮನೆಗೆ ಬಂದಿದ್ದರು. ಶಿವಮೊಗ್ಗದ ಆಲ್ಕೊಳದಲ್ಲಿ ಹೊಸ ಮನೆ ಕಟ್ಟಿಸಿದ್ದಾರಲ್ಲ, ಗೃಹಪ್ರವೇಶಕ್ಕೆ ಕರೆಯಲು. ಸರ್ ಎಷ್ಟು ಸರಳ! ಅಡುಗೆಮನೆಯವರೆಗೂ ಬಂದು ಕಾಫಿ ಕುಡಿದರು. ನಿನ್ನನ್ನು ಬಾಯಿ ತುಂಬ ಹೊಗಳಿದರು. ನಿನ್ನ ಅಣ್ಣ ಅಂತೂ ಎದೆ ಉಬ್ಬಿಸಿಕೊಂಡು ಕೂತಿದ್ದರು. "ನೀವಿದೀರಿ ಅಂತಾನೇ ಸರ್ ಅವಳನ್ನ ಓದಿಸ್ತಿರೋದು, ಇಲ್ದಿದ್ರೆ ಎಂದೋ ಮದುವೆ ಮಾಡಿ ಕಳಿಸ್ತಿದ್ದೆ" ಅಂದರು. ಮನೆಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವ ಮನೆಯಲ್ಲ ನಮ್ಮದು. ಸಂತೋಷದಿಂದ ಹೋದರು.

ಗೃಹಪ್ರವೇಶಕ್ಕೆ ನಿನ್ನ ಪರವಾಗಿ ನಾವೇ ಹೋಗಿ ಬರುತ್ತೇವೆ.

ವಿಮಲಾ

*

ಪುಣೆ
೨ ಏಪ್ರಿಲ್ ೧೯೯೯

ಅತ್ತಿಗೆ,

ಗೃಹಪ್ರವೇಶಕ್ಕೆ ಹೋಗಿದ್ದಿರೇನು? ಉಡುಗೊರೆ ಕೊಟ್ಟಿದ್ದರೆ ನನ್ನ ಹೆಸರು ಬರೆಸಿಲ್ಲ ತಾನೇ? ಸುಮ್ಮನೆ ಕೇಳಿದೆ.

ಪ್ರಬಂಧ ಬರೆಯಲು ಕೂತಿದ್ದೇನೆ. ಇನ್ನು ಒಂದು ವರ್ಷದಲ್ಲಿ ಮುಗಿಯುತ್ತದೆ. ಆಮೇಲೆ ಬಂದು ನಿಮ್ಮ ಕೈಯಿಂದ ಟ್ಯೂಬು ತಗೊಂಡು, ಫ್ರಿಜ್ಜಿನಲ್ಲಿ ತರಕಾರಿಗೆ ಜಾಗ ಮಾಡಿಕೊಡುತ್ತೇನೆ.

ಉಮಾ

*

ಭದ್ರಾವತಿ
೧೪ ಫೆಬ್ರವರಿ ೨೦೦೦

ಪ್ರೀತಿಯ ಉಮಾ,

ಪೇಪರ್ ಕಟಿಂಗ್ ಇಟ್ಟಿದ್ದೇನೆ ನೋಡು! ಷಡಕ್ಷರಪ್ಪ ಸರ್ ಫೋಟೋ, ಅರ್ಧ ಪುಟ. ಅಡಿಕೆ ಸಿಪ್ಪೆಯಿಂದ ಇಂಧನ ತೆಗೆಯುವ ಬೂಷ್ಟು, ಪೇಟೆಂಟ್‌ಗೆ ಹಾಕಿದ್ದಾರಂತೆ. ಯಾವುದೋ ಕಂಪನಿಯವರು ಮಲವಗೊಪ್ಪದಲ್ಲಿ ಶೆಡ್ಡು ಕಟ್ಟುತ್ತಿದ್ದಾರೆ. ಓದಿ ನನಗೆ ಮೈ ಜುಂ ಅಂತು. ನಮ್ಮ ಬೂಷ್ಟೇ ಅಲ್ಲವೇ ಅದು? ನಿನ್ನ ಹೆಸರು ಎಲ್ಲೂ ಕಾಣಲಿಲ್ಲ. ಪೇಪರಿನವರು ಬಿಟ್ಟಿರಬೇಕು, ಅವರದ್ದೆಲ್ಲ ಅರೆಬರೆ. ಸರ್‌ಗೆ ಒಂದು ಮಾತು ಹೇಳು.

ಈಗ ಹೇಳಿದರೆ ಬಯ್ಯುವುದಿಲ್ಲ ತಾನೇ? ಗೃಹಪ್ರವೇಶಕ್ಕೆ ಕರೆಯಲು ಬಂದಾಗ ಸರ್ ಕೇಳಿದರು, "ಲ್ಯಾಬಲ್ಲಿ ಕರೆಂಟ್ ಹೋಗಿ ನಮ್ಮದೆಲ್ಲ ಸತ್ತೋಯ್ತಮ್ಮ, ಉಮಾಂದು ನಿನ್ನತ್ರ ಇದೆಯಂತಲ್ಲ, ಒಂಚೂರು ಹೆಪ್ಪು ಕೊಡ್ತೀಯಾ?" ಅಂತ. ಹೆಪ್ಪು ಕೇಳಿದವರಿಗೆ ಇಲ್ಲ ಅನ್ನುವುದು ಹೇಗೆ? ಎದುರು ಮನೆಯವರು ಕೇಳಿದರೂ ಕೊಡುತ್ತೇವೆ, ಕೊಟ್ಟರೆ ನಮ್ಮದೇನು ಕಮ್ಮಿಯಾಗುವುದಿಲ್ಲ. ಅದರಲ್ಲೂ ನಿನಗೆ ವಿದ್ಯೆ ಕೊಟ್ಟವರು. ಹೊಸ ಎರಡು ಟ್ಯೂಬಿಗೆ ದಾಟಿಸಿ ಕೊಟ್ಟೆ. ದೃಷ್ಟಿಗೆ ಹೆದರುತ್ತೀಯ ಅಂತ ಆಗ ಹೇಳಲಿಲ್ಲ.

ನಮ್ಮ ಮನೆಯಿಂದ ಹೋದ ಹೆಪ್ಪು ಕಾರ್ಖಾನೆಯೇ ಆಯಿತಲ್ಲೇ!

ವಿಮಲಾ

*

ಪುಣೆ
೨೪ ಫೆಬ್ರವರಿ ೨೦೦೦

ಅತ್ತಿಗೆ,

ನಿಮ್ಮ ಕಾಗದ ಓದಿದೆ. ಯಾರನ್ನು ಕೇಳಿ ಕೊಟ್ಟಿರಿ?

ಹೆಸರು ಬಿಟ್ಟವರು ಪೇಪರಿನವರಲ್ಲ. ಮೊದಲ ಲೇಖನ ಬರೆದಾಗಲೇ ಅವರು ನನ್ನ ಹೆಸರನ್ನು ಮೂರನೆಯದಾಗಿ ಹಾಕಿದ್ದರು. ಮೊದಲು ಅವರದ್ದು, ಆಮೇಲೆ ಅವರ ಅಳಿಯನದ್ದು. ಆ ಅಳಿಯ ಒಂದು ದಿನ ಸಿಪ್ಪೆ ಮುಟ್ಟಿದವನಲ್ಲ. ನಾನು ಒಪ್ಪಲಿಲ್ಲ. "ಹಾಗಾದ್ರೆ ನಿನ್ನ ಥೀಸಿಸ್ಸಿಗೆ ನನ್ನ ಸಹಿ ಇಲ್ಲ, ಏನ್ ಮಾಡ್ಕೊಂತೀಯೋ ಮಾಡ್ಕೋ" ಅಂದರು. ಅದಕ್ಕೇ ನಾನು ಪುಣೆಗೆ ಬಂದದ್ದು. ಅವರು ಕಳಿಸಿದ್ದಲ್ಲ, ನಾನು ಓಡಿಬಂದದ್ದು. ಬರುವಾಗ ಲ್ಯಾಬಿನಲ್ಲಿದ್ದ ಟ್ಯೂಬುಗಳನ್ನೆಲ್ಲ ನಾನೇ ಕುದಿಸಿ ಬಂದೆ. ಅವರ ಕೈಗೆ ಸಿಗಬಾರದು ಅಂತಲೇ ನಿಮ್ಮ ಫ್ರಿಜ್ಜಿನಲ್ಲಿ ಇಟ್ಟದ್ದು. ನೀವು ಕಾಫಿ ಕೊಟ್ಟು, ಜೊತೆಗೆ ಅದನ್ನೂ ಕೊಟ್ಟು ಕಳಿಸಿದಿರಿ.

ಮೊಸರಿಗೂ ವಿಜ್ಞಾನಕ್ಕೂ ವ್ಯತ್ಯಾಸ ಗೊತ್ತಿಲ್ಲದವರ ಕೈಗೆ ಕೊಟ್ಟದ್ದೇ ತಪ್ಪಾಯಿತು. ಪಿಯುಸಿ ದಾಟಲಾಗದವರ ಹತ್ತಿರ ನನ್ನ ಬದುಕನ್ನು ಇಟ್ಟು ಬಂದೆನಲ್ಲ, ನನಗೆ ಬುದ್ಧಿ ಇರಲಿಲ್ಲ. ಇನ್ನು ಅದನ್ನು ಮುಟ್ಟಬೇಡಿ. ಊರಿಗೆಲ್ಲ ಹಂಚಿದ ಮೇಲೆ ಇಟ್ಟುಕೊಂಡು ಕಾಯುವುದಕ್ಕೆ ಏನಿದೆ?

ಉಮಾಮಹೇಶ್ವರಿ

*

ಭದ್ರಾವತಿ
೧೦ ಮಾರ್ಚ್ ೨೦೦೦

ಉಮಾಮಹೇಶ್ವರಿಯವರಿಗೆ,

ನಿಮ್ಮ ಕಾಗದ ತಲುಪಿತು. ನಿಮ್ಮ ಅಣ್ಣನಿಗೆ ತೋರಿಸಿಲ್ಲ. ತೋರಿಸುವಂಥದ್ದಲ್ಲ.

ನೀವು ಓದಿದವರು, ನಿಮಗೆ ಎದುರಾಡುವಷ್ಟು ನಾನು ತಿಳಿದವಳಲ್ಲ. ಒಂದು ಮಾತು ಮಾತ್ರ ಹೇಳುತ್ತೇನೆ. ಸರ್ ಜೊತೆ ಮನಸ್ತಾಪವಾಗಿದೆ ಅಂತ ಹೊರಡುವ ದಿನ ಒಂದೇ ಒಂದು ಮಾತು ಹೇಳಿದ್ದರೆ ಅವರನ್ನು ಬಾಗಿಲಲ್ಲೇ ನಿಲ್ಲಿಸುತ್ತಿದ್ದೆ. ಅವರೇ ಮುತುವರ್ಜಿ ವಹಿಸಿ ಕಳಿಸಿದರು ಅಂತ ಬರೆದವರು ನೀವು. ನಿಮ್ಮ ಕೈಬರಹ ಇಲ್ಲೇ ಇದೆ.

ಮುಟ್ಟಬೇಡಿ ಅಂದಿದ್ದೀರಿ. ಫ್ರಿಜ್ಜು ಖಾಲಿ ಮಾಡಿದ್ದೇನೆ.

ವಿಮಲಾ ವೀರೇಂದ್ರ

*

ಪುಣೆ
೧೮ ಸೆಪ್ಟೆಂಬರ್ ೨೦೦೦

ಅತ್ತಿಗೆ,

ಇಷ್ಟು ತಿಂಗಳು ಬರೆಯಲಿಲ್ಲ. ಬರೆಯುವ ಮುಖವೂ ಇರಲಿಲ್ಲ, ಸಿಟ್ಟೂ ಇಳಿದಿರಲಿಲ್ಲ. ಈಗ ಬರೆಯುತ್ತಿರುವುದು ಗತಿಯಿಲ್ಲದೆ. ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ನಮ್ಮ ಲ್ಯಾಬಿಗೆ ನುಸಿ ಹತ್ತಿತು. ನಮ್ಮ ಕಡೆ ತೆಂಗಿಗೆ ಬಂದಿದೆಯಲ್ಲ, ಅದರ ಜಾತಿಯದ್ದೇ ಇನ್ನೊಂದು, ಕಣ್ಣಿಗೂ ಕಾಣದು. ಹತ್ತಿಯ ಬಿರಡೆ ದಾಟಿ ಟ್ಯೂಬಿನಿಂದ ಟ್ಯೂಬಿಗೆ ಹರಿದು, ಬೂಷ್ಟನ್ನು ಮೇಯ್ದು, ಹೋದಲ್ಲೆಲ್ಲ ಬೇರೆ ಬೇರೆ ಬೂಷ್ಟು ಮೆತ್ತಿ ಹೋಗಿದೆ. ನನ್ನದು ಒಂದೂ ಉಳಿದಿಲ್ಲ. ಎರಡು ತಿಂಗಳು ಶುದ್ಧ ಮಾಡಲು ಹೆಣಗಾಡಿದೆ. ಆಗಲಿಲ್ಲ.

ಮೇಡಂ ನನ್ನ ಪರವಾಗಿ ನಿಂತಿದ್ದಾರೆ. ಸರ್ ಅವರ ಪೇಟೆಂಟಿಗೆ ತಕರಾರು ಹಾಕೋಣ, ಪ್ರಬಂಧವನ್ನೂ ಉಳಿಸಿಕೊಳ್ಳೋಣ, ಆದರೆ ಬದುಕಿರುವ ಬೂಷ್ಟು ಕೈಯಲ್ಲಿರಬೇಕು ಅನ್ನುತ್ತಾರೆ. ಸರ್ ಹತ್ತಿರ ಇರುವುದೂ ನನ್ನದೂ ಒಂದೇ ಅಂತ ತೋರಿಸಬೇಕಲ್ಲ. ಅದು ಇಲ್ಲದಿದ್ದರೆ ನಾನು ಬರೆದಿಟ್ಟದ್ದೆಲ್ಲ ಬಾಯಿ ಮಾತು.

ಫ್ರಿಜ್ಜು ಖಾಲಿ ಮಾಡಿದೆ ಅಂದಿರಲ್ಲ, ಟ್ಯೂಬು ಎಲ್ಲಿಟ್ಟಿದ್ದೀರಿ? ದುರ್ಗಮ್ಮನ ಮನೆಯಲ್ಲೇ? ಇಷ್ಟು ದಿನ ದಾಟಿಸದೆ ಒಣಗಿದ್ದರೂ ಪರವಾಗಿಲ್ಲ, ಒಣಗಿದ್ದರಿಂದಲೂ ಎಬ್ಬಿಸಬಹುದು. ಹೇಗಿದೆಯೋ ಹಾಗೆ ಕಳಿಸಿಕೊಡಿ. ನಾನು ಅಂದ ಮಾತಿಗೆ ನಿಮ್ಮ ಕಾಲು ಹಿಡಿಯುತ್ತೇನೆ.

ಉಮಾ

*

ಭದ್ರಾವತಿ
೫ ಅಕ್ಟೋಬರ್ ೨೦೦೦

ಉಮಾ,

ಹೇಗೆ ಬರೆಯಲಿ ನಿನಗೆ? ಮೂರು ಸಲ ಬರೆದು ಹರಿದೆ.

ಎಲ್ಲೂ ಇಟ್ಟಿಲ್ಲ ಕಣೇ. ನಿನ್ನ ಆ ಕಾಗದ ಬಂದ ದಿನವೇ ಅಷ್ಟೂ ಟ್ಯೂಬನ್ನು ಕುಕ್ಕರಿಗೆ ಹಾಕಿದೆ. ನೀನು ಹೇಳಿಕೊಟ್ಟ ಹಾಗೇ ಕುದಿಸಿ ಕೊಂದು, ಆಮೇಲೆ ಚೆಲ್ಲಿದೆ. ಕುಕ್ಕರ್ ಕೂಗುತ್ತಿದ್ದಾಗ ಅಳುತ್ತಿದ್ದೆ, ಆದರೂ ಒಲೆ ಆರಿಸಲಿಲ್ಲ. ಪಿಯುಸಿ ಅಂದೆಯಲ್ಲ, ಅದು ಮುಖಕ್ಕೆ ಹೊಡೆದ ಹಾಗಾಗಿತ್ತು. ನಿನಗೂ ಸ್ವಲ್ಪ ನೋಯಲಿ ಅಂತಲೇ ಮಾಡಿದೆ. ಹಾಗಲ್ಲ ಅಂದರೆ ಸುಳ್ಳಾಗುತ್ತದೆ. ಪುಣೆಯಲ್ಲಿ ನಿನ್ನದು ಇದ್ದೇ ಇದೆ, ನನ್ನದು ಹೋದರೆ ಏನು ಮಹಾ ಅಂದುಕೊಂಡಿದ್ದೆ.

ನಿನ್ನ ಈ ಕಾಗದ ಬಂದ ಮರುದಿನ ಬೆಳಿಗ್ಗೆ ನಿನ್ನ ಅಣ್ಣನಿಗೆ ತವರಿನವರನ್ನು ನೋಡಿ ಬರುತ್ತೇನೆ ಅಂತ ಹೇಳಿ ಆಲ್ಕೊಳಕ್ಕೆ ಹೋದೆ. ಸರ್ ಮನೆಯಲ್ಲೇ ಇದ್ದರು. "ಸರ್, ನಾನ್ ಕೊಟ್ಟಿದ್ನಲ್ಲ, ಅದ್ರಲ್ಲಿ ಒಂಚೂರು ವಾಪಸ್ ಕೊಡಿ. ನಮ್ಮನೇದು ಹೋಯ್ತು" ಅಂದೆ. ಹೆಪ್ಪು ಕೊಟ್ಟ ಮನೆಯವರು ತಿರುಗಿ ಕೇಳಿದರೆ ಯಾರೂ ಇಲ್ಲ ಅನ್ನುವುದಿಲ್ಲ ಅಂತ ನಂಬಿ ಹೋಗಿದ್ದೆ.

"ಅದು ಈಗ ನನ್ ಕೈಲಿ ಇಲ್ಲಮ್ಮ. ಕಂಪ್ನಿಯೋರ್ದು. ಒಂದು ಟ್ಯೂಬ್ ಹೊರಗೆ ಹೋಗ್ಬೇಕಂದ್ರೆ ಅಗ್ರಿಮೆಂಟು, ಸಹಿ, ವಕೀಲ್ರು. ನಿಂಗೆ ಇದೆಲ್ಲ ಅರ್ಥ ಆಗಲ್ಲ."

"ನೀವ್ ತಗೊಂಡ್ ಹೋಗುವಾಗ ಯಾವ ಸಹಿ ಹಾಕಿದ್ರಿ ಸರ್?"

ನಕ್ಕುಬಿಟ್ಟರು ಉಮಾ. "ಹೆಪ್ಪಿಗೆ ಯಾರಾದ್ರೂ ಸಹಿ ಹಾಕ್ತಾರೇನಮ್ಮ?" ಅಂದರು.

ವೀರಮ್ಮ ಕಾಫಿ ತಂದಿಟ್ಟು, ನನ್ನ ಮುಖ ನೋಡದೆ ಒಳಗೆ ಹೋದರು. ನಾನು ಲೋಟ ಮುಟ್ಟಲಿಲ್ಲ. "ನಿಮ್ಮ ವಿದ್ಯೆಗಿಷ್ಟು ಬೆಂಕಿ ಹಾಕ" ಅಂತ ಬಾಯಿಗೆ ಬಂತು, ನಿನಗೆ ಇನ್ನೂ ಕೆಟ್ಟದ್ದಾಗಬಾರದು ಅಂತ ನುಂಗಿದೆ. ಗೇಟಿನವರೆಗೆ ಬಂದು ಅವರೇ ಹೇಳಿದರು, "ಉಮಾಗೆ ಹೇಳು, ವಾಪಸ್ ಬರ್ಲಿ. ಪ್ಲಾಂಟಲ್ಲಿ ಕಲ್ಚರ್ ನೋಡ್ಕೊಳ್ಳೋಕೆ ಜನ ಬೇಕು. ಅವಳಷ್ಟು ಚೆನ್ನಾಗಿ ಇನ್ಯಾರಿಗೆ ಬರುತ್ತೆ? ಹಠ ಬಿಟ್ಟರೆ ಸಾಕು."

ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಮುಚ್ಚಿಟ್ಟು ಮುಚ್ಚಿಟ್ಟೇ ಇಲ್ಲಿಗೆ ಬಂದಿದ್ದೇವಲ್ಲ, ಅದಕ್ಕೆ ಬರೆದೆ. ನೀನು ಆ ಕಡೆ ತಲೆ ಹಾಕಿ ಮಲಗಬೇಡ. ಮನೆಗೆ ಬಾ. ಬೈಯಬೇಕು ಅನ್ನಿಸಿದರೆ ಎದುರಿಗೆ ಕೂತು ಬೈ.

ವಿಮಲಾ

*

ಭದ್ರಾವತಿ
೨೨ ಜನವರಿ ೨೦೦೧

ಉಮಾ,

ಅಕ್ಟೋಬರಿನ ಆ ಕಾಗದದ ನಂತರ ಹಾಸ್ಟೆಲಿಗೆ ಹಾಕಿದ ಎರಡು ಕಾಗದವೂ ವಾಪಸ್ ಬಂದವು. ರೂಮು ಬಿಟ್ಟು ಹೋಗಿದ್ದಾಳೆ ಅಂತ ಹಿಂದಿಯಲ್ಲಿ ಬರೆದಿದ್ದಾರೆ. ಇದನ್ನು ನಿಮ್ಮ ಮೇಡಂ ವಿಳಾಸಕ್ಕೆ ಹಾಕುತ್ತಿದ್ದೇನೆ. ಫೋನು ಮಾಡಿದರೆ ಅವರು ಇಂಗ್ಲಿಷಿನಲ್ಲಿ ಏನೋ ಅಂದರು, ಅರ್ಧ ತಿಳಿಯಿತು. ಪ್ರಬಂಧ ನಿಂತಿತು ಅಂತ ಮಾತ್ರ ತಿಳಿಯಿತು.

ನಿನ್ನ ಅಣ್ಣ ದಿನಾ ಕೇಳುತ್ತಾರೆ. ಪರೀಕ್ಷೆ ಹತ್ತಿರ ಬಂದಿದೆ, ಬರೆಯಲು ಪುರುಸೊತ್ತಿಲ್ಲ ಅಂತ ಹೇಳಿಕೊಂಡು ಬಂದಿದ್ದೇನೆ. ಒಂದು ಕಾರ್ಡು ಹಾಕು ಮಾರಾಯ್ತಿ. ಬದುಕಿದ್ದೇನೆ ಅಂತ ಎರಡು ಅಕ್ಷರ ಸಾಕು. ನನಗೆ ಊಟ ಸೇರುವುದಿಲ್ಲ.

ಅತ್ತಿಗೆ

*

ಮಲವಗೊಪ್ಪ
೯ ಜೂನ್ ೨೦೦೧

ಅತ್ತಿಗೆ,

ಮೇಲಿನ ಊರಿನ ಹೆಸರು ತಪ್ಪಿಲ್ಲ. ಮಾರ್ಚ್‌ನಿಂದ ಇಲ್ಲೇ ಇದ್ದೇನೆ. ನೀವು ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಹೋಗುವಾಗ ರಸ್ತೆ ಬದಿಗೆ ಕಾಣುತ್ತದಲ್ಲ, ನೀಲಿ ತಗಡಿನ ಶೆಡ್ಡು, ಅದರ ಹಿಂದಿನ ಸಣ್ಣ ಕೋಣೆ ನನ್ನದು. ನಿಮ್ಮ ಮನೆಗೆ ಬಸ್ಸು ಹತ್ತಿದರೆ ಟಿಕೆಟ್ ತಗೊಳ್ಳುವುದರೊಳಗೆ ಊರು ಬರುತ್ತದೆ. ಎಷ್ಟೋ ಭಾನುವಾರ ಸ್ಟಾಪಿನವರೆಗೆ ಬಂದು ವಾಪಸ್ ಹೋಗಿದ್ದೇನೆ. ಮೇಡಂ ನಿಮ್ಮ ಕಾಗದವನ್ನು ಇಲ್ಲಿಗೆ ಕಳಿಸಿ ತಿಂಗಳುಗಳಾದವು. ಉತ್ತರ ಬರೆಯದೆ ಇದ್ದದ್ದು ನಿಮ್ಮ ಮೇಲಿನ ಸಿಟ್ಟಿಗಲ್ಲ, ಸಿಟ್ಟು ಪುಣೆಯಲ್ಲೇ ಮುಗಿಯಿತು. ನಾಚಿಕೆ ಮುಗಿಯಲಿಲ್ಲ.

ಬೇರೆ ಕೆಲಸ ಸಿಗುತ್ತಿರಲಿಲ್ಲವೇ ಅಂತ ನೀವು ಕೇಳುತ್ತೀರಿ. ಸಿಗುತ್ತಿತ್ತು. ಸಕ್ಕರೆ ಕಾರ್ಖಾನೆಯಲ್ಲೋ ಔಷಧಿ ಕಂಪನಿಯಲ್ಲೋ ಹೊಟ್ಟೆಪಾಡು ನಡೆಯುತ್ತಿತ್ತು. ಆದರೆ ನಮ್ಮ ಬೂಷ್ಟು ಬದುಕಿರುವುದು ಈಗ ಭೂಮಿ ಮೇಲೆ ಈ ಒಂದೇ ಕೋಣೆಯಲ್ಲಿ. ಇಲ್ಲಿಯವರು ಅದನ್ನು ಹೇಗೆ ಇಟ್ಟಿದ್ದರು ಅಂದರೆ, ಇನ್ನು ಒಂದು ಬೇಸಿಗೆ ಕಳೆದಿದ್ದರೆ ಸಾಯುತ್ತಿತ್ತು. ತಡೆಯಲಾಗಲಿಲ್ಲ.

ಸೇರುವ ದಿನ ಸರ್ ಒಂದು ಕಾಗದ ಮುಂದಿಟ್ಟರು. ಇಲ್ಲಿ ಇರುವ ಯಾವುದರ ಮೇಲೂ ನನಗೆ ಹಕ್ಕಿಲ್ಲ, ಹಿಂದೆಯೂ ಇರಲಿಲ್ಲ ಅಂತ. ಓದಿ ಸಹಿ ಹಾಕಿದೆ. "ಜಾಣೆ" ಅಂದು ಬೆನ್ನು ತಟ್ಟಿದರು. ಈಗ ದಿನಾ ಟ್ಯೂಬು ದಾಟಿಸುತ್ತೇನೆ, ಮೇಲೆ ಅವರ ಹೆಸರಿನ ಅಕ್ಷರ ಹಾಕಿ ನಂಬರು ಬರೆಯುತ್ತೇನೆ. ಬಣ್ಣ ನೀವು ಬರೆದಿದ್ದ ಹಾಗೇ ಇದೆ, ಅಂಚಿಗೆ ನಸುಗೆಂಪು.

ಅಣ್ಣನಿಗೆ ಸರ್ ಕರೆದು ಕೆಲಸ ಕೊಟ್ಟಿದ್ದಾರೆ ಅಂತ ಹೇಳಿ. ಅವನಿಗೆ ಖುಷಿಯಾಗುತ್ತದೆ. ಮಿಕ್ಕಿದ್ದು ನಮ್ಮಿಬ್ಬರಲ್ಲೇ ಇರಲಿ. ನೀವು ಇಲ್ಲಿಗೆ ಬರಬೇಡಿ. ನೀವು ಕೊಟ್ಟದ್ದನ್ನು ನಾನು ಕಾಯುತ್ತಾ ಕೂತಿರುವುದನ್ನು ನೀವು ನೋಡಬಾರದು, ನಿಮಗೆ ತಾಳಲಾಗುವುದಿಲ್ಲ.

ನಿನ್ನೆ ಶಿವಮೊಗ್ಗದ ಕಾಲೇಜಿನ ಮಕ್ಕಳು ಪ್ಲಾಂಟ್ ನೋಡಲು ಬಂದಿದ್ದರು. ಲಿಖಿತಾ ಅಂತ ಒಬ್ಬಳು, ಬಲು ಚುರುಕು, ಟ್ಯೂಬನ್ನು ಬೆಳಕಿಗೆ ಹಿಡಿದು, "ಮೇಡಂ, ಇದನ್ನ ಮೊದ್ಲು ಕಂಡು ಹಿಡಿದೋರು ಯಾರು?" ಅಂತ ಕೇಳಿದಳು. ಕೋಣೆಯಲ್ಲಿ ಸರ್ ಇರಲಿಲ್ಲ, ಕಂಪನಿಯವರೂ ಇರಲಿಲ್ಲ. ಯಾರ ಹೆದರಿಕೆಯೂ ಇರಲಿಲ್ಲ. "ಷಡಕ್ಷರಪ್ಪ ಸರ್" ಅಂದೆ. ಹೇಳುವಾಗ ನನ್ನ ನಾಲಿಗೆ ತಡವರಿಸಲೂ ಇಲ್ಲ.

ಉಮಾ